ಏಳನೆಯ ಐಪೀಸಿಗೆ ಧೂಪ

ಈ ವರ್ಷ ಹಬ್ಬದ ಚಂದ್ರ ಇಬ್ರಾ ಊರಿನಲ್ಲಿ ಮೊಟ್ಟಮೊದಲು ಕಾಣುವುದು ನನ್ನ ಕಣ್ಣಿಗೇ! ರಂಜಾನಿನ ಮೊದಲ ಉಪವಾಸದ ಸಂಜೆಯೇ ನಾನು ಹೀಗೆ ಘೋಷಿಸಿಬಿಟ್ಟೆ. ಇಫ್ತಾರಿನ ಚಾಪೆಯ ಮೇಲೆ ಕೂತು, ಗಂಡನ ಎದುರು, ಅತ್ತೆಯ ಎದುರು, ಹರೀಸು ಗಂಜಿಯ ಪಾತ್ರೆಯ ಎದುರು. ಮೂವರಲ್ಲಿ ಪಾತ್ರೆಯೊಂದೇ ಗೌರವದಿಂದ ಸುಮ್ಮನಿತ್ತು.

"ಚಂದ್ರ ನಿನಗೇನು ಕಾಗದ ಬರೆದಿದಾನಾ, ಮೊದಲು ನಿಮ್ಮನೆಗೇ ಬರ್ತೀನಿ ಅಂತ?" ಎಂದ ಝಹ್ರಾನ್. ನನ್ನ ಗಂಡ ವಿದ್ಯುತ್ ಇಲಾಖೆಯವನು. ಹೊಳೆಯುವ ವಸ್ತುಗಳ ಬಗ್ಗೆ ಅವನಿಗೆ ಬೆರಗು ಕಡಿಮೆ.

"ಕಾಗದ ಯಾಕೆ? ಲೆಕ್ಕ ಇದೆ. ಇಪ್ಪತ್ತೊಂಬತ್ತನೇ ಸಂಜೆ ಸೂರ್ಯ ಮುಳುಗಿದ ಮೇಲೆ ಮೂವತ್ತೆಂಟು ನಿಮಿಷ ಚಂದ್ರ ಮೇಲಿರ್ತಾನೆ. ನನ್ನ ಹತ್ರ ದುರ್ಬೀನಿದೆ. ಆರು ಐಪೀಸಿವೆ."

"ಆರು ಕಾಫಿ ಬಟ್ಟಲು ಅನ್ನು," ಎಂದರು ಅತ್ತೆ.

ಐಪೀಸು ಎಂದರೆ ದುರ್ಬೀನಿನ ಹಿಂತುದಿಗೆ ಸಿಕ್ಕಿಸಿ ಕಣ್ಣಿಡುವ ಪುಟ್ಟ ಗಾಜಿನ ಕೊಳವೆ. ನಮ್ಮ ಮನೆಯ ಹಿಡಿಯಿಲ್ಲದ ಕಾಫಿ ಬಟ್ಟಲಿನಷ್ಟೇ ಗಾತ್ರ. ದುರ್ಬೀನು ಒಂದೇ ಆದರೂ ಐಪೀಸು ಬದಲಿಸಿದರೆ ಆಕಾಶವೇ ಬದಲಾಗುತ್ತದೆ. ಒಂದರಲ್ಲಿ ಚಂದ್ರ ಖರ್ಜೂರದ ಬೀಜ, ಇನ್ನೊಂದರಲ್ಲಿ ಅನ್ನದ ತಟ್ಟೆ. ಇದು ಗೊತ್ತಾದ ದಿನದಿಂದ ಮನುಷ್ಯ ಹಾಳಾದ ಎಂದೇ ಅರ್ಥ. ದುರ್ಬೀನಿನ ಜತೆ ಬಂದದ್ದು ಮಸುಕು ಎನ್ನಿಸುತ್ತದೆ. ಎರಡನೆಯದರಲ್ಲಿ ನಡುವೆ ಚೊಕ್ಕ, ಅಂಚಿನಲ್ಲಿ ನಕ್ಷತ್ರಗಳೆಲ್ಲ ಹುಳಿ ತಿಂದವರ ಮುಖ. ಮೂರನೆಯದರಲ್ಲಿ ಅಂಚು ಚೊಕ್ಕ, ಕಣ್ಣಿನ ರೆಪ್ಪೆ ಗಾಜಿಗೆ ತಾಗುತ್ತದೆ. ಹೀಗೆ ಆರು ಸಲ ನಾನು ಆಣೆಯಿಟ್ಟು "ವಲ್ಲಾಹಿ, ಇದೇ ಕೊನೆಯದು" ಎಂದಿದ್ದೆ. ಆರು ಸಲವೂ ಮನಸ್ಸಿಟ್ಟೇ ಹೇಳಿದ್ದೆ.

ಈ ಹಾಳಾಗುವ ಕೆಲಸದಲ್ಲಿ ನನಗೊಬ್ಬಳು ಜತೆಗಾತಿ ಇದ್ದಾಳೆ. ಗನಿಯಾ ನಮ್ಮ ಕಾಲೇಜಿನಲ್ಲಿ ಗಣಿತ ಹೇಳುತ್ತಾಳೆ, ನಾನು ಭೌತಶಾಸ್ತ್ರ. ಊರಿನ ಖಗೋಳ ಸಂಘಕ್ಕೆ ನಾನು ಅಧ್ಯಕ್ಷೆ, ಅವಳು ಕಾರ್ಯದರ್ಶಿ. ಸದಸ್ಯರು ಎಂದರೆ ನಾವಿಬ್ಬರೇ ಆದ್ದರಿಂದ ಚುನಾವಣೆ ಸದಾ ಶಾಂತಿಯುತವಾಗಿ ನಡೆಯುತ್ತದೆ. ಗನಿಯಾ ಒಂದು ಹೋಲಿಕೆಯ ಪಟ್ಟಿ ಮಾಡಿದ್ದಾಳೆ. ಸ್ಪಷ್ಟತೆ, ನೋಟದ ಅಗಲ, ಅಂಚು, ಕಣ್ಣಿನ ಸುಖ ಎಂದು ನಾಲ್ಕು ಅಂಕಣ, ಐದರವರೆಗೆ ಚುಕ್ಕಿ. ಅದನ್ನು ರಾಜಧಾನಿಯ ಸಂಘದವರ ಗುಂಪಿಗೂ ಕಳಿಸುತ್ತಾಳೆ. ನಾಲ್ಕೂವರೆ ಚುಕ್ಕಿ ಕೊಡುವ ಮುನ್ನ ಅವಳು ಮೂರು ದಿನ ಯೋಚಿಸುತ್ತಾಳೆ. ಮದುವೆಗೆ ಒಪ್ಪಲು ಎರಡೇ ದಿನ ಸಾಕಾಗಿತ್ತಂತೆ.

ಐಪೀಸುಗಳ ಪರೀಕ್ಷೆ ನಡೆಯುವುದು ನಮ್ಮ ತಾರಸಿಯ ಮೇಲೆ, ಹಗಲಿನಲ್ಲಿ. ಇಬ್ಬರು ಹೆಂಗಸರು ಕೊಳವೆ ಹಿಡಿದು ಮೇಲೆ ನಿಂತರೆಂದರೆ ಬೀದಿಯ ಕಿಟಕಿಗಳ ಪರದೆಗಳೆಲ್ಲ ಒಂದೇ ಉಸಿರಿಗೆ ಇಳಿಯುತ್ತವೆ. ಹಾಗಾಗಿ ನಾವು ಯಾವ ಮನೆಯ ಕಡೆಗೂ ದುರ್ಬೀನು ತಿರುಗಿಸುವುದಿಲ್ಲ. ಬೋಳುಗುಡ್ಡದ ಮೇಲಿನ ಹಳೆಯ ಕಾವಲು ಬುರುಜು ಒಂದೇ ನಮಗೆ ಧರ್ಮಸಮ್ಮತವಾದ ಗುರಿ. ಒಮ್ಮೆ ಬುರುಜಿನ ಕೆಳಗೆ ಆಡುಗಳು ಮೇಯುತ್ತಿದ್ದವು. ಐದನೆಯ ಐಪೀಸಿನಲ್ಲಿ ಗನಿಯಾ ಎಣಿಸಿದಳು.

"ಒಂಬತ್ತು. ಕೊಂಬು ಕೂಡ ಚೊಕ್ಕ. ನಾಲ್ಕು ಚುಕ್ಕಿ."

"ಹತ್ತು," ಎಂದರು ಚಾಪೆಯ ಮೇಲೆ ಬೆಂಡೆಕಾಯಿ ಹೆಚ್ಚುತ್ತಿದ್ದ ಅತ್ತೆ, ತಲೆಯೆತ್ತಿ ಒಮ್ಮೆ ನೋಡಿ. "ಕಂದು ಬಣ್ಣದ್ದು ಕಲ್ಲಿನ ಪಕ್ಕ ಮಲಗಿದೆ."

ನಾವಿಬ್ಬರೂ ನಕ್ಕೆವು. ಅತ್ತೆಯೂ ನಕ್ಕರು, ಬೆಂಡೆಕಾಯಿಗೆ ಮರಳಿದರು.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಬೀದಿಗೆ ಮೂವತ್ತು ವರ್ಷ ಹಬ್ಬ ತಂದುಕೊಟ್ಟವರು ಎಪ್ಪತ್ತೆರಡು ವಯಸ್ಸಿನ ನನ್ನ ಅತ್ತೆ. ಇಪ್ಪತ್ತೊಂಬತ್ತನೆಯ ಸಂಜೆ ತಾರಸಿ ತಾರಸಿಯಿಂದ ಹೆಂಗಸರು, ಮಗನ ಹೆಸರು ಹಿಡಿದು ತಾಯಿಯನ್ನು ಕರೆಯುವ ನಮ್ಮ ರೂಢಿಯಂತೆ, "ಉಮ್ ಝಹ್ರಾನ್, ಕಾಣ್ತಾ?" ಎಂದು ಕೂಗುತ್ತಿದ್ದರಂತೆ. ಇವರು ಬೆರಳು ಚಾಚಿದ ಕಡೆ ಚಂದ್ರ ಇರುತ್ತಿದ್ದನಂತೆ. ಆಮೇಲೆ ಕಣ್ಣಿಗೆ ಪೊರೆ ಬಂತು. ಮೂರು ವರ್ಷದಿಂದ ಯಾರೂ ಕೂಗಿಲ್ಲ. ಎರಡು ತಿಂಗಳ ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ಎಡಗಣ್ಣಿನ ಪೊರೆ ತೆಗೆಸಿ, ಒಳಗೆ ಹೊಸ ಲೆನ್ಸ್ ಕೂರಿಸಿ, ಬಿಸಿಲಿಗೆ ಕಪ್ಪು ಕನ್ನಡಕ ಕೊಟ್ಟು ಕಳಿಸಿದ್ದರು. ಆ ಕಣ್ಣಿಗೆ ಈಗ ಏನೇನು ಕಾಣುತ್ತದೆ ಎಂದು ನಾನು ಕೇಳಿರಲಿಲ್ಲ. ನಾನು ಐಪೀಸುಗಳನ್ನು ಹೋಲಿಸುವುದರಲ್ಲಿ ಮುಳುಗಿದ್ದೆ.

ಇನ್ನು ಗೋಡೆಗೂಡಿನ ವಿಷಯ. ನಮ್ಮ ಮಜ್ಲಿಸಿನಲ್ಲಿ, ಅತಿಥಿಗಳು ಕೂರುವ ಜಾಗದ ಎದುರಿಗೆ, ಕಮಾನಿನ ಒಂದು ಗೂಡಿದೆ. ಅತ್ತೆ ಈ ಮನೆಗೆ ಬಂದಾಗಿನಿಂದ ಅಲ್ಲಿ ಅವರ ಧೂಪದಾನಿಗಳು ಕೂತಿದ್ದವು. ಮನೆಯಲ್ಲಿ ಧೂಳು ಕಡಿಮೆಯಿರುವ ಜಾಗ ಅದೊಂದೇ. ನಾನು ವಿಜ್ಞಾನದ ಹೆಸರಿನಲ್ಲಿ ಧೂಪದಾನಿಗಳನ್ನು ಎತ್ತಿ ಬಟ್ಟೆಕೋಣೆಗೆ ಸಾಗಿಸಿ, ಗೂಡಿನಲ್ಲಿ ಐಪೀಸುಗಳನ್ನು ಜೋಡಿಸಿದೆ. ಬಟ್ಟೆಕೋಣೆಗೆ ಸಾಗಿಸಿದ್ದು ನಾನೇ ಎಂಬುದನ್ನು ದಯವಿಟ್ಟು ನೆನಪಿಡಿ. ನಾನು ಮರೆತಿದ್ದೆ.

ಘೋಷಣೆಯ ಸಂಜೆ ಅತ್ತೆ ಆ ಗೂಡನ್ನೇ ಪಣಕ್ಕಿಟ್ಟರು.

"ನೋಡು ಮಗಳೇ, ನಿನ್ನ ಕೊಳವೇಲಿ ಬೀದಿಗೆಲ್ಲ ಮೊದಲು ಚಂದ್ರ ಕಂಡ್ರೆ ಗೂಡು ನಿನ್ನದೇ. ನಾನಿರೋವರೆಗೂ ಕೇಳಲ್ಲ. ಕಾಣದಿದ್ರೆ ನನ್ನ ಧೂಪದಾನಿಗಳು ವಾಪಸ್ ಬರ್ತವೆ. ನಿನ್ನ ಬಟ್ಟಲುಗಳು ಮೇವಿನ ಕೋಣೆಗೆ."

"ಮೇವಿನ ಕೋಣೇಲಿ ಆಡುಗಳಿವೆ ಅಮ್ಮಾ!"

"ಅವಕ್ಕೂ ಒಂದೊಂದು ಕೊಡು. ರಾತ್ರಿ ನಕ್ಷತ್ರ ನೋಡ್ಕೊಳ್ಳಲಿ."

ಪಣ ಕಟ್ಟಿದ ಮೇಲೆ ಗನಿಯಾ ನನ್ನನ್ನು ಸ್ಟಾಫ್ ರೂಮಿನ ಮೂಲೆಗೆ ಕರೆದು ಮೆಲ್ಲಗೆ ಹೇಳಿದಳು: "ರಯ್ಯಾ, ಎಳೆ ಚಂದ್ರನ್ನ ಹುಡುಕೋಕೆ ದೊಡ್ಡದಾಗಿ ತೋರಿಸೋದು ಬೇಡ, ಅಗಲವಾಗಿ ತೋರಿಸೋದು ಬೇಕು. ನಿನ್ನ ಹತ್ರ ಅಗಲದ್ದು ಅಂತ ಇರೋದು ಮೊದಲನೇದೊಂದೇ. ಅದಕ್ಕೆ ನಾನು ಎರಡು ಚುಕ್ಕಿ ಕೊಟ್ಟಿದೀನಿ."

ಎರಡು ಚುಕ್ಕಿಯ ಗಾಜು ಹಿಡಿದು ನಾನು ಚಂದ್ರನ ಎದುರು ನಿಲ್ಲುವುದೇ! ಅಗಲವಾಗಿ ತೋರಿಸುವ ಏಳನೆಯದೊಂದನ್ನು ಗುಟ್ಟಾಗಿ ತರಿಸಿದೆ. ಅದು ಗನಿಯಾಳ ವಿಳಾಸಕ್ಕೆ ಬಂತು. ಅವಳು ಅದನ್ನು ಉತ್ತರಪತ್ರಿಕೆಗಳ ಕಟ್ಟಿನ ನಡುವೆ ಇಟ್ಟು ತಂದುಕೊಟ್ಟಳು. ಅರ್ಧ ಕಿಲೋ ತೂಕ, ಬೆಳದಿಂಗಳಿನ ಹಾಗೆ ನೀಲಿ ಮಿನುಗುವ ಗಾಜು. ಆರನೆಯದರ ದಿನ ಮಾಡಿದ ಆಣೆ ನೆನಪಾಗಿ ಅದನ್ನು ನಾನು ಬಟ್ಟೆಕೋಣೆಯಲ್ಲಿ, ಹಬ್ಬದ ನೀಲಿ ಬಟ್ಟೆಯ ಮಡಿಕೆಯಲ್ಲಿ ಅಡಗಿಸಿಟ್ಟೆ. ಇಪ್ಪತ್ತೊಂಬತ್ತನೆಯ ಮಧ್ಯಾಹ್ನ ಮನಸ್ಸು ತಡೆಯದೆ ಹೊರತೆಗೆದು, ಎರಡೂ ಕಡೆಯ ಮುಚ್ಚಳ ಬಿಚ್ಚಿ ನೋಡುತ್ತಿದ್ದೆ. ಅತ್ತೆಯ ಹೆಜ್ಜೆ ಕೇಳಿಸಿತು. ಮುಚ್ಚಳಗಳು ಬೀರುವಿನ ಕೆಳಗೆ ಉರುಳಿದವು. ಐಪೀಸನ್ನು ಹಾಗೆಯೇ ಮಡಿಕೆಯೊಳಗೆ ತುರುಕಿ ಹೊರಗೆ ಬಂದೆ.

"ಏನಮ್ಮಾ, ಮುಖ ಕೆಂಪಗಿದೆ?" ಎಂದರು ಅತ್ತೆ.

"ಉಪವಾಸ."

"ಹ್ಞೂಂ. ನಾಳೆ ಹಬ್ಬ ಖಂಡಿತಾನಾ?"

"ಖಂಡಿತ ಅಮ್ಮಾ. ಲೆಕ್ಕ ತಪ್ಪೋದೇ ಇಲ್ಲ."

"ಹಾಗಾದ್ರೆ ಮೂರನೇ ನಮಾಜಾದ ಮೇಲೆ ಬಾ, ಕೈ ಚಾಚು. ಮೆಹಂದಿ ಹಾಕ್ತೀನಿ."

"ಇವತ್ತೇ ಯಾಕೆ? ಚಂದ್ರ ಕಂಡ ಮೇಲೆ ನಿಧಾನವಾಗಿ..."

"ಯಾಕೆ, ಲೆಕ್ಕದ ಮೇಲೆ ನಂಬಿಕೆ ಇಲ್ವಾ?"

ಈ ಪ್ರಶ್ನೆಗೆ ಯಾವ ವಿಜ್ಞಾನಿ ತಾನೇ ಇಲ್ಲ ಎನ್ನುತ್ತಾಳೆ? ಎರಡೂ ಕೈ ಚಾಚಿದೆ. ಬೆರಳ ತುದಿಯಿಂದ ಮೊಣಕೈವರೆಗೆ ಎಲೆ, ಬಳ್ಳಿ, ಹೂವು. "ಬೆಳಗ್ಗೆವರೆಗೂ ಏನೂ ಮುಟ್ಟಬೇಡ," ಎಂದು ಅಪ್ಪಣೆಯೂ ಆಯಿತು. ನನ್ನ ಜೀವಮಾನದ ವೀಕ್ಷಣೆಗೆ ನಾನು ಹೊರಟದ್ದು ಹೀಗೆ, ಪೊಲೀಸರಿಗೆ ಶರಣಾದ ಕಳ್ಳಿಯಂತೆ ಎರಡೂ ಕೈ ಮೇಲೆತ್ತಿಕೊಂಡು.

ಸಂಜೆ ತಾರಸಿಯ ಮೇಲೆ ನಾವು ನಾಲ್ವರು. ಅತ್ತೆ ಚಾಪೆಯ ಮೇಲೆ ಖರ್ಜೂರ, ನೀರು, ಕಾಫಿಯ ಹೂಜಿ ಇಟ್ಟುಕೊಂಡು ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದರು. ಗನಿಯಾ ದುರ್ಬೀನಿನ ಹತ್ತಿರ, ಕೈಗಡಿಯಾರ ನೋಡುತ್ತ. ನನ್ನ ಗುಟ್ಟಿನ ಸೂಚನೆಯಂತೆ ಅವಳೇ ಬಟ್ಟೆಕೋಣೆಯಿಂದ ಏಳನೆಯದನ್ನು ತಂದಿದ್ದಳು. ಝಹ್ರಾನ್ ಕೈಯಲ್ಲಿ ಫೋನು. ಈ ಸಲ ಚಂದ್ರದರ್ಶನ ಸಮಿತಿಯವರು ನಮ್ಮ ಸಂಘಕ್ಕೂ "ಕಂಡರೆ ತಿಳಿಸಿ" ಎಂದು ಒಂದು ನಂಬರು ಕೊಟ್ಟಿದ್ದರು. ಸುತ್ತಲಿನ ತಾರಸಿಗಳ ಮೇಲೂ ಜನ. "ರಯ್ಯಾ ಟೀಚರ್, ನಿಮ್ಮನ್ನೇ ನಂಬಿದೀವಿ!" ಎಂದು ಪಕ್ಕದ ಮನೆಯಾಕೆ ಕೂಗಿದಳು. ನಾನು ಮೆಹಂದಿಯ ಕೈ ಬೀಸಿದೆ. ಆ ಕೂಗು ಮೊದಲು ಯಾರ ಹೆಸರಿಗೆ ಬರುತ್ತಿತ್ತು ಎಂದು ಆಗ ನೆನಪಾಗಲಿಲ್ಲ.

ಸೂರ್ಯ ಮುಳುಗಿದ. ಬಾಂಗ್ ಆಯಿತು. ಅತ್ತೆ ನನ್ನ ಬಾಯಿಗೆ ಖರ್ಜೂರ ಇಟ್ಟು, ನೀರು ಕುಡಿಸಿದರು. ಗನಿಯಾ ಐಪೀಸು ಸಿಕ್ಕಿಸಿದಳು.

"ಇದ್ಯಾವುದು?" ಎಂದ ಝಹ್ರಾನ್. "ಆರರಲ್ಲಿ ಇಷ್ಟು ದಪ್ಪಂದು ಇರಲಿಲ್ಲ."

"ಇದು... ಕೊನೆಯದರ ಮುಂದಿನ ಭಾಗ," ಎಂದೆ.

"ಎಷ್ಟು ಭಾಗ ಬರುತ್ತೆ ಒಟ್ಟು?"

"ಆಮೇಲೆ ಬೈ. ಗನಿಯಾ, ನೀನು ಅತ್ತರು ಜಾಸ್ತಿ ಹಾಕ್ಕೊಂಡು ಬಂದಿದೀಯಾ?"

"ನೀನು ಹಾಕಿದೀಯ ಅಂದ್ಕೊಂಡೆ," ಎಂದಳು ಗನಿಯಾ ಮೂಗು ಅರಳಿಸಿ.

ಸಮಯ ತಕ್ಕಷ್ಟು ಆದಮೇಲೆ ನಾನು ಬಾಗಿ ಕಣ್ಣಿಟ್ಟೆ. ಹಾಲು. ಎಲ್ಲೆಲ್ಲೂ ಹಾಲು. ಬಿಳುಪಿನ ಹಿಂದೆ ಬಿಳುಪು.

"ಮೋಡ!" ಎಂದೆ, ವಿಜ್ಞಾನಿಯ ಗಾಂಭೀರ್ಯದಿಂದ. "ಪಶ್ಚಿಮ ಪೂರ್ತಿ ಮೋಡ ಕವಿದಿದೆ."

ಮೂವರೂ ಪಶ್ಚಿಮ ನೋಡಿದರು. ಆಕಾಶ ತೊಳೆದ ತಟ್ಟೆಯಂತಿತ್ತು. ಗನಿಯಾ ಐಪೀಸು ಬಿಚ್ಚಿ ಬೆಳಕಿಗೆ ಹಿಡಿದಳು, ಮೂಸಿದಳು.

"ಮೋಡ ಐಪೀಸಿನ ಮೇಲಿದೆ ರಯ್ಯಾ. ವಾಸನೇನೂ ಇದೆ."

"ಯಾವ ಬಟ್ಟಲು?" ಎಂದರು ಅತ್ತೆ. "ನೀಲಿ ಬಟ್ಟೆಯೊಳಗೆ ಇತ್ತಲ್ಲ, ಅದಾ?"

ನಾನು ಎತ್ತಿದ ಕೈಗಳ ಸಮೇತ ಅತ್ತೆಯ ಕಡೆ ತಿರುಗಿದೆ.

"ಅಮ್ಮಾ, ನಿಮಗೆ ಹೇಗೆ ಗೊತ್ತು?"

"ಹಬ್ಬದ ಬಟ್ಟೆಗೆ ಧೂಪ ಹಾಕ್ಬೇಡ್ವಾ? ಮಡಿಕೆ ಬಿಚ್ಚಿದೆ, ಕೈಗೆ ಸಿಕ್ತು. ಹಬ್ಬಕ್ಕೆ ಅಂತ ಮನೆಗೆ ಬಂದ ಹೊಸದು, ಅದೊಂದಕ್ಕೆ ಯಾಕೆ ಭೇದ ಮಾಡ್ಲಿ? ಧೂಪದಾನಿ ಹೇಗೂ ಅಲ್ಲೇ ಇತ್ತು, ನೀನೇ ತಂದಿಟ್ಟಿದ್ದೆ. ಬಟ್ಟೆ ಹರಡೋ ಕೋಲಿನ ಗೋಪುರ ಇಲ್ವಾ, ಅದರ ತುದೀಲಿ ಕೂರಿಸಿದೆ. ಮೂರು ಸಲ ಹೊಗೆ ಕೊಟ್ಟೆ. ಸಕ್ಕರೆ ಪಾಕ, ಅತ್ತರು ಎಲ್ಲಾ ಹಾಕಿ ನಾನೇ ಮಾಡಿದ ಧೂಪ. ಒಂದು ವರ್ಷ ಹೋಗಲ್ಲ ಆ ವಾಸನೆ."

"ಮತ್ತೆ... ನನಗೆ ಹೇಳಲೇ ಇಲ್ಲ?"

"ಅದೇ ಮಡಿಕೇಲಿ ವಾಪಸ್ ಇಟ್ಟೆ. ನೀನು ಮುಚ್ಚಿಟ್ಟಿದ್ದನ್ನ ನಾನ್ಯಾಕೆ ಬಿಚ್ಚಲಿ, ಮಗಳೇ?"

ಕರುಣೆಯಿಂದ ಇಷ್ಟು ಸಂಪೂರ್ಣವಾಗಿ ಹಾಳಾದ ಗಾಜು ಜಗತ್ತಿನಲ್ಲಿ ಇನ್ನೊಂದು ಇರಲಾರದು.

"ಇಪ್ಪತ್ತೊಂದು ನಿಮಿಷ ಉಳಿದಿದೆ," ಎಂದಳು ಗನಿಯಾ.

"ಅಷ್ಟೇ ತಾನೇ, ಒರೆಸಿದ್ರಾಯ್ತು ಕೊಡು," ಎಂದ ಝಹ್ರಾನ್. ನಾವಿಬ್ಬರೂ ಕಿರುಚುವ ಮೊದಲೇ ಐಪೀಸು ಅವನ ಕೈಯಲ್ಲಿತ್ತು. ಒರೆಸಿಯೇಬಿಟ್ಟ. ಯಾವುದರಿಂದ? ತನ್ನ ನಿಲುವಂಗಿಯ ಕೊರಳಿನ ಕುಚ್ಚಿನಿಂದ! ನಮ್ಮ ಗಂಡಸರ ಕೊರಳಲ್ಲಿ ಇಳಿಬಿದ್ದಿರುವ ಆ ಕುಚ್ಚು ಇರುವುದೇ ಅತ್ತರಿನಲ್ಲಿ ಅದ್ದಿಕೊಳ್ಳಲು. ಅವನಂತೂ ಆ ಸಂಜೆ, ಚಂದ್ರನ ಗೌರವಾರ್ಥ, ಎರಡು ಸಲ ಅದ್ದಿಕೊಂಡಿದ್ದ.

"ಈಗ ಹೇಗಿದೆ?"

ನೋಡಿದೆ. "ಈಗ ಆಕಾಶದಲ್ಲಿ ಕಾಮನಬಿಲ್ಲಿದೆ."

"ಹೆಚ್ಚಾಯ್ತಲ್ಲ! ಮೊದಲು ಅದೂ ಇರಲಿಲ್ಲ."

"ಝಹ್ರಾನ್, ಕೆಳಗೆ ಓಡು. ಗೂಡಿಂದ ಮೊದಲನೇ ಐಪೀಸು ತಾ. ಕಪ್ಪಗಿದೆ, ಉದ್ದಕ್ಕಿದೆ."

ಅವನು ಓಡಿದ. ಆರೂ ಕಪ್ಪಗಿವೆ ಎಂಬುದು ಅವನು ಮೆಟ್ಟಿಲಿಳಿದ ಮೇಲೆ ನನಗೆ ಹೊಳೆಯಿತು. ಏದುಸಿರು ಬಿಡುತ್ತ ಬಂದವನು ಎರಡು ವಸ್ತು ಮುಂದೆ ಹಿಡಿದ. "ಎರಡರಲ್ಲಿ ಯಾವುದೋ ಒಂದು ಇರುತ್ತೆ."

ಒಂದು ನನ್ನ ನಾಲ್ಕನೆಯ ಐಪೀಸು, ಇರುವುದರಲ್ಲೆಲ್ಲ ಅತಿ ದೊಡ್ಡದಾಗಿ, ಅತಿ ಇಕ್ಕಟ್ಟಾಗಿ ತೋರಿಸುವಂಥದ್ದು. ಇನ್ನೊಂದು ನಿಜವಾದ ಕಾಫಿ ಬಟ್ಟಲು.

"ಸದ್ಯ," ಎಂದು ಅತ್ತೆ ಬಟ್ಟಲನ್ನು ತೆಗೆದುಕೊಂಡು ಕಾಫಿ ಬಗ್ಗಿಸಿಕೊಂಡರು. "ನನ್ನದು ಕೆಳಗೇ ಮರೆತು ಬಂದಿದ್ದೆ."

"ಇದರಲ್ಲಿ ಹುಡುಕೋದು ಅಂದ್ರೆ ಕೀಲಿಕಂಡಿಯಿಂದ ಒಂಟೆ ಹುಡುಕಿದ ಹಾಗೆ," ಎಂದಳು ಗನಿಯಾ, ಆದರೂ ಸಿಕ್ಕಿಸಿದಳು. "ಹದಿನಾಲ್ಕು ನಿಮಿಷ."

ನಾನು ಕಣ್ಣಿಟ್ಟೆ. ಏನೂ ಇಲ್ಲ. ಗುರಿ ಸರಿಸಲು ಕೈಯಿಲ್ಲ. "ಸ್ವಲ್ಪ ಎಡಕ್ಕೆ," ಎಂದೆ. "ಯಾರ ಎಡಕ್ಕೆ?" ಎಂದ ಝಹ್ರಾನ್. "ದುರ್ಬೀನಿನ ಎಡಕ್ಕೆ!" "ಅದಕ್ಕೆ ಮುಖ ಯಾವ ಕಡೆ?" ತಾಳ್ಮೆ ಹೋಯಿತು. ಮೊಣಕೈಯಿಂದ ನಾನೇ ನೂಕಿದೆ. ಮುಕ್ಕಾಲಿಯ ಒಂದು ಕಾಲು ಜಾರಿತು, ದುರ್ಬೀನು ಗರಗರ ತಿರುಗಿ ನಿಂತಿತು. ಕಣ್ಣಿಟ್ಟರೆ ಅಬ್ಬಾ, ಏನೋ ಇದೆ! ದೊಡ್ಡದು! ಕಪ್ಪಗೆ, ಎರಡು ಹುಬ್ಬಿನ ಕೆಳಗೆ...

"ರಯ್ಯಾ ಟೀಚರ್!" ಪಕ್ಕದ ತಾರಸಿಯಿಂದ ಕೂಗು ಬಂತು. "ಚಂದ್ರ ನಮ್ಮನೇಲಿಲ್ಲ!"

ಬೀದಿಯ ಅಷ್ಟೂ ತಾರಸಿಗಳು ನಕ್ಕವು. ಎರಡು ವರ್ಷ ಬುರುಜನ್ನಷ್ಟೇ ನೋಡಿ ಉಳಿಸಿಕೊಂಡಿದ್ದ ಮಾನ ಅರೆಕ್ಷಣದಲ್ಲಿ ಗಾಳಿಗೆ ಹೋಯಿತು. ನಾನು ಝಹ್ರಾನ್‌ಗೆ ಬೈದೆ. ಝಹ್ರಾನ್ ಏಳನೆಯದರ ವಿಷಯ ತೆಗೆದ. ಗನಿಯಾ ಮುಕ್ಕಾಲಿಯ ಕಾಲು ಹಿಡಿದು ಇಬ್ಬರಿಗೂ ಬೈದಳು. ಮೂರು ದನಿಗಳ ನಡುವೆ ನಾಲ್ಕನೆಯದೊಂದು ಮೆಲ್ಲನೆ ಕೇಳಿಸಿತು.

"ಬಲಕ್ಕೆ."

"ಏನು ಬಲಕ್ಕೆ ಅಮ್ಮಾ?"

"ಕೊಳವೆ. ಬುರುಜಿನ ಬಲಕ್ಕೆ, ಜೋಡಿ ಖರ್ಜೂರದ ಮರ ಇದೆಯಲ್ಲ, ಅದರ ಮೇಲೆ. ಎರಡು ಬೆರಳಷ್ಟು."

"ಅಲ್ಲೇನಿದೆ?"

"ನೀವು ಹುಡುಕ್ತಾ ಇರೋದು," ಎಂದರು ಅತ್ತೆ. ಬಿಸಿಲಿಳಿದಿದ್ದರಿಂದ ಕಪ್ಪು ಕನ್ನಡಕ ಮಡಿಲಲ್ಲಿತ್ತು. "ಆಗಲೇ ಹೇಳೋಣ ಅಂದ್ಕೊಂಡೆ. ನೀವು ಮೂವರೂ ಮಾತಾಡ್ತಿದ್ರಿ."

ನಾನು ತಲೆಯೆತ್ತಿದೆ. ಬರಿಗಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯಿತು. ಆಮೇಲೆ ಕಂಡ. ಕೇಸರಿ ಆರುತ್ತಿದ್ದ ಆಕಾಶದ ಮೇಲೆ ಯಾರೋ ಸೂಜಿಯಿಂದ ಒಮ್ಮೆ ಮೆಲ್ಲಗೆ ಗೀರಿದಂತೆ. ಮುಟ್ಟಿದರೆ ಅಳಿಸಿಹೋಗುವಷ್ಟು ತೆಳುವು. ನಾಲ್ವರೂ ಅತ್ತಲೇ ಕತ್ತು ಚಾಚಿದೆವು. ಪಕ್ಕದ ತಾರಸಿಯವರು ಅದನ್ನು ಗಮನಿಸಿರಬೇಕು. ಅಲ್ಲಿಂದ ಒಂದು ದನಿ ಬಂತು, ಈ ಸಲ ನನ್ನ ಹೆಸರು ಹಿಡಿಯದೆ.

"ಉಮ್ ಝಹ್ರಾನ್! ಕಾಣ್ತಾ?"

ಅತ್ತೆ ಎದ್ದು ನಿಂತರು. ತಲೆವಸ್ತ್ರ ಸರಿಮಾಡಿಕೊಂಡು ಬೆರಳು ಚಾಚಿದರು. ತಾರಸಿ ತಾರಸಿಗಳ ತಲೆಗಳು ಆ ಬೆರಳಿನ ಕಡೆಗೆ ತಿರುಗಿದವು.

ಝಹ್ರಾನ್ ಸಮಿತಿಗೆ ಫೋನು ಹಚ್ಚಿ, ದನಿ ಎಲ್ಲರಿಗೂ ಕೇಳುವಂತೆ ಮಾಡಿ ನನ್ನ ಬಾಯಿಯ ಹತ್ತಿರ ಹಿಡಿದ. ತಿಂಗಳಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ ವಾಕ್ಯವನ್ನು ನುಂಗಿಕೊಂಡು "ಕಂಡವರು ನಮ್ಮ ಅತ್ತೆ" ಎಂದೆ. ಫೋನು ಅವರ ಕಡೆಗೆ ಹೋಯಿತು.

"ಬರಿಗಣ್ಣಿಂದ ಕಂಡ್ರಾ ತಾಯಿ, ಉಪಕರಣದಿಂದಲಾ?" ಎಂದಿತು ಆ ಕಡೆಯ ದನಿ.

ಅತ್ತೆ ನನ್ನ ಕಡೆ ನೋಡಿದರು. ಎತ್ತಿದ ಕೈಗಳು, ಅವರೇ ಬಿಡಿಸಿದ ಬಳ್ಳಿ ಹೂವು, ಪಕ್ಕದಲ್ಲಿ ವಕ್ರವಾಗಿ ನಿಂತ ದುರ್ಬೀನು. ಅವರ ಮುಖ ಮೆತ್ತಗಾಯಿತು.

"ಉಪಕರಣದಿಂದ," ಎಂದರು.

ಅಯ್ಯೋ, ಎಂಥ ಅತ್ತೆ! ಸೊಸೆಯ ಮಾನ ಉಳಿಸಲು ಸಮಿತಿಯ ಮುಂದೆಯೇ... ನನ್ನ ಕಣ್ಣು ತುಂಬಿಬಂತು. ಗೂಡು ನನ್ನ ಪಾಲಿಗೇ ಉಳಿಯಿತು ಎಂಬ ನೀಚ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ.

"ಯಾವ ಉಪಕರಣ ತಾಯಿ?"

"ಎಡಗಣ್ಣೊಳಗೆ ಕೂರಿಸಿದಾರಪ್ಪ. ಸರ್ಕಾರಿ ಆಸ್ಪತ್ರೇದು. ಪುಕ್ಕಟೆ."

ಆ ಕಡೆ ಬರೆಯುತ್ತಿದ್ದ ಪೆನ್ನು ನಿಂತದ್ದು ನನಗೆ ಕೇಳಿಸಿತು.

ಬೇರೆ ಊರುಗಳಿಂದಲೂ ಸಾಕ್ಷಿ ಬಂದು, ಮರುದಿನ ಹಬ್ಬ ಎಂದು ಘೋಷಣೆಯಾಯಿತು. ಬೆಳಗ್ಗೆ ಮಜ್ಲಿಸಿಗೆ ಬಂದ ಅತಿಥಿಗಳು ಗೂಡಿನಲ್ಲಿ ಸಾಲಾಗಿ ಕೂತ ಧೂಪದಾನಿಗಳನ್ನು ನೋಡಿ "ಈಗ ಮನೆ ಮನೆಯ ಹಾಗಿದೆ" ಎಂದರು. ನನ್ನ ಏಳು ಐಪೀಸುಗಳು ಮೇವಿನ ಕೋಣೆಯ ಅಟ್ಟದ ಮೇಲಿವೆ. ಏಳನೆಯದರ ಪರಿಮಳಕ್ಕೆ ಆಡುಗಳು ಮೇವು ಬಿಟ್ಟು ತಲೆಯೆತ್ತಿ ನಿಲ್ಲುತ್ತವೆ. ನಕ್ಷತ್ರ ವೀಕ್ಷಿಸುವ ಭಂಗಿಯೇ.

ಹಬ್ಬದ ಮೂರನೆಯ ದಿನ ಗನಿಯಾ ಹೋಲಿಕೆಯ ಪಟ್ಟಿಗೆ ಎಂಟನೆಯ ಸಾಲು ಸೇರಿಸಿ ರಾಜಧಾನಿಯ ಗುಂಪಿಗೆ ಕಳಿಸಿದಳು. ಹೆಸರು: ಉಮ್ ಝಹ್ರಾನ್, ಎಡ. ಸ್ಪಷ್ಟತೆ ಐದು, ಅಗಲ ಐದು, ಅಂಚು ಐದು, ಕಣ್ಣಿನ ಸುಖ ಐದು. ಅವಳು ಯಾವುದಕ್ಕೂ ಐದು ಕೊಟ್ಟವಳಲ್ಲ. ಅರ್ಧ ಗಂಟೆಯೊಳಗೆ ಅಲ್ಲಿಂದ ಒಬ್ಬರು ಕೇಳಿದರು: ಈ ಕಂಪನಿ ಹೊಸದೇ? ಎಲ್ಲಿ ಸಿಗುತ್ತದೆ? ತರಿಸಲು ಎಷ್ಟು ದಿನ?

ಕೆಂಪೇರಿದ ಬೆರಳಿನಲ್ಲಿ ಫೋನು ಹಿಡಿದು ನಾನು ಅದನ್ನು ಅತ್ತೆಗೆ ಓದಿ ಹೇಳಿದೆ. ಅವರು ಹಲ್ವಾದ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಎಪ್ಪತ್ತೆರಡು ವರ್ಷ ಕಾಯ್ಬೇಕು ಅಂತ ಬರಿ," ಎಂದರು. "ಮತ್ತೆ ಒಬ್ಬರಿಗೆ ಎರಡೇ ಅಂತ ಹೇಳು, ಮಗಳೇ. ಏಳು ಯಾರ ಮುಖದಲ್ಲೂ ಹಿಡಿಸಲ್ಲ."